ಯಂತ್ರಕ್ಕಿಂತ ಮೊದಲು ಮನುಷ್ಯನನ್ನು ಬರೆ

ಪ್ರೀತಿಯ ತಂಗಿ,

ನಿನ್ನ ಕಥೆ ಓದಿದೆ. ಅರ್ಧ ಕಥೆ ಯಂತ್ರದ ವಿವರಕ್ಕೇ ಹೋಗಿದೆ. ಇನ್ನು ಹತ್ತು ವರ್ಷಕ್ಕೆ ಆ ಯಂತ್ರ ಹಳೆಯದಾದರೆ ಕಥೆಯೂ ಸಾಯುತ್ತಾ ಅಂತ ಕೇಳಿದ್ದೀಯ.

ಇಂಗ್ಲೆಂಡಿನ ಜಾನ್ ಬ್ರನ್ನರ್ ಬರೆದ ‘ದಿ ಶಾಕ್‌ವೇವ್ ರೈಡರ್’ ಸಿಕ್ಕರೆ ಓದು. 1975ರ ಕಾದಂಬರಿ. ಅದರ ನಾಯಕ ನಿಕ್ ಫೋನಿನ ಗುಂಡಿ ಒತ್ತಿಯೇ ಕಂಪ್ಯೂಟರ್ ಜಾಲದೊಳಗೆ ನುಗ್ಗುತ್ತಾನೆ. ಆ ಫೋನು ಎಂದೋ ಹಳೆಯದಾಯಿತು. ನಿಕ್‌ನ ಪಾಡು ಹಳೆಯದಾಗಿಲ್ಲ. ಅವನ ದೇಶದಲ್ಲಿ ಎಲ್ಲರ ವಿವರವೂ ಜಾಲದಲ್ಲಿದೆ, ಆದರೆ ಯಾರು ಅದನ್ನು ನೋಡುತ್ತಿದ್ದಾರೆ ಅನ್ನೋದು ಜನರಿಗೆ ಗೊತ್ತಿಲ್ಲ. ನಿಕ್ ಹೆಸರು, ಗುರುತು ಬದಲಿಸುತ್ತಾ ಓಡುತ್ತಾನೆ. ಕೊನೆಗೆ ಒಂದು ಪ್ರೋಗ್ರಾಂ ಬಿಡುತ್ತಾನೆ. ತಾನಾಗಿ ಬೆಳೆಯುವ, ಕೊಲ್ಲಲಾಗದ ಲಾಡಿಹುಳು. ಸರ್ಕಾರ ಬಚ್ಚಿಟ್ಟ ಗುಟ್ಟುಗಳನ್ನು ಅದು ಜನರ ಮುಂದೆ ಸುರಿಯುತ್ತದೆ.

ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದ ಇಬ್ಬರು ಸಂಶೋಧಕರಿಗೆ ಈ ಹುಳು ಹಿಡಿಸಿತು. ರಾತ್ರಿ ಸುಮ್ನೆ ಕೂತಿರುವ ಕಂಪ್ಯೂಟರ್‌ಗಳನ್ನು ಹುಡುಕಿ ಕೆಲಸಕ್ಕೆ ಹಚ್ಚುವ ಪ್ರೋಗ್ರಾಂ ಬರೆದರು. ಅದನ್ನು ‘ವರ್ಮ್’, ಅಂದರೆ ಹುಳು ಅಂತಲೇ ಕರೆದರು. 1982ರ ತಮ್ಮ ಲೇಖನದಲ್ಲಿ ಬ್ರನ್ನರ್ ಕಾದಂಬರಿಯನ್ನು ನೆನೆದರು. ಅದರಲ್ಲೇ ಇನ್ನೊಂದು ಸಂಗತಿಯೂ ಇದೆ. ಒಂದು ರಾತ್ರಿ ಪುಟ್ಟ ವರ್ಮ್ ಒಂದನ್ನು ಓಡಲು ಬಿಟ್ಟು ಹೋಗಿದ್ದರು. ಬೆಳಗ್ಗೆ ಬಂದರೆ ಡಜನ್‌ಗಟ್ಟಲೆ ಯಂತ್ರಗಳು ಕೆಟ್ಟು ಕೂತಿದ್ದವು. ಮತ್ತೆ ಚಾಲೂ ಮಾಡಿದರೆ ವರ್ಮ್ ಬಂದು ಮತ್ತೆ ಕೆಡಿಸುತ್ತಿತ್ತು. ಇಂಥ ಹೊತ್ತಿಗೆ ಬೇಕಾದೀತು ಅಂತ ಮೊದಲೇ ಸೇರಿಸಿದ್ದ ‘ನಿಲ್ಲು’ ಸಂದೇಶ ಕಳಿಸಿದ ಮೇಲೆಯೇ ಅದು ನಿಂತಿದ್ದು. ಮುಂದೆ 1988ರ ನವೆಂಬರ್‌ನಲ್ಲಿ ರಾಬರ್ಟ್ ಮಾರಿಸ್ ಎಂಬ ಅಮೆರಿಕದ ವಿದ್ಯಾರ್ಥಿ ಬಿಟ್ಟ ವರ್ಮ್ ಇಂಟರ್ನೆಟ್ಟಿನ ಸಾವಿರಾರು ಕಂಪ್ಯೂಟರ್‌ಗಳನ್ನು ಕಂಗೆಡಿಸಿತು.

ಇದು ನನ್ನನ್ನು ತುಂಬ ಕಾಡುತ್ತದೆ. ಲೋಕ ಬ್ರನ್ನರ್‌ನಿಂದ ಹುಳುವನ್ನು ತೆಗೆದುಕೊಂಡಿತು. ಜನರ ಮಾಹಿತಿ ಯಾರ ಕೈಯಲ್ಲಿರಬೇಕು ಅನ್ನುವ ಅವನ ಪ್ರಶ್ನೆಯನ್ನು ಅಲ್ಲೇ ಬಿಟ್ಟಿತು. ನಾನು ಆ ಪುಸ್ತಕಕ್ಕೆ ಮತ್ತೆ ಮತ್ತೆ ಹೋಗುವುದು ಆ ಪ್ರಶ್ನೆಗಾಗಿಯೇ. ಒಳ್ಳೆಯ ಕಲ್ಪನೆಯನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು, ಅದು ನಮ್ಮ ಕೈಯಲ್ಲಿಲ್ಲ. ಆದರೆ ಯಂತ್ರದ ಜೊತೆಗೆ ಒಬ್ಬ ಮನುಷ್ಯನ ಕಷ್ಟವನ್ನು ಗಟ್ಟಿಯಾಗಿ ಹೆಣೆಯುವುದು ನಮ್ಮ ಕೈಯಲ್ಲಿದೆ, ಅಲ್ವಾ?

ನಿನ್ನ ಕಥೆಯಲ್ಲಿ ಹೆಬ್ಬೆರಳ ಗುರುತು ಹೊಂದದೆ ಪಟ್ಟಿಯಿಂದ ಹೆಸರು ಹೋದ ಮುದುಕಿಯೊಬ್ಬಳಿದ್ದಾಳೆ. ಎರಡೇ ಸಾಲಿಗೆ ಬಂದು ಹೋಗುತ್ತಾಳೆ. ಯಂತ್ರದ ವಿವರ ಒಂದು ಪುಟಕ್ಕೆ ಇಳಿಸು. ಆ ಸಂಜೆ ಅವಳು ಯಾರ ಬಾಗಿಲಿಗೆ ಹೋದಳು, ಏನು ಕೇಳಿದಳು? ಬರೆದು ಕಳಿಸು, ಓದುತ್ತೇನೆ.

ನಿನ್ನ ಅಣ್ಣ