ವೇದಿಕೆ ಕಟ್ಟುವ ಮೊದಲು

ಪ್ರಿಯ ಗೆಳೆಯ,

ನಿಮ್ಮ ಊರಿನಲ್ಲೂ ಸಾಹಿತ್ಯದ ಹಬ್ಬ ಮಾಡಲು ಹೊರಟಿದ್ದೀರಂತೆ. ಧಾರವಾಡದವರು ಹೇಗೆ ಮಾಡುತ್ತಾರೆ ಎಂದು ಕೇಳಿದ್ದೀಯ. ಇಲ್ಲಿ ಕಲ್ಲೆಸೆದರೆ ಕವಿಯ ಮನೆಯ ಮೇಲೆ ಬೀಳುತ್ತದೆ ಎಂಬ ಹಳೆಯ ಮಾತನ್ನು ನಂಬಿಕೊಂಡೇ ಬರೆದಿರಬೇಕು. ಕವಿಗಳಿಗೇನೂ ಬರವಿಲ್ಲ. ಆದರೆ ಊರನ್ನು ಕಾಪಾಡಿದವರು ಕೇಳಲು ಬಂದು ಕೂರುವವರು ಎಂಬುದು ನನ್ನ ಎಣಿಕೆ.

2013ರಲ್ಲಿ ಶುರುವಾದ ಸಾಹಿತ್ಯ ಸಂಭ್ರಮ, 2019ರ ಜನವರಿಯಲ್ಲಿ ಇಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ, ಎರಡೂ ಸಂಭ್ರಮವೇ. ಪೆಂಡಾಲು ಬಿಚ್ಚಿದ ಮೇಲೆ ಏನು ನಡೆಯುತ್ತದೆ ಎಂಬುದನ್ನು ನೀನು ನೋಡಬೇಕು. ರಾ.ಹ. ದೇಶಪಾಂಡೆಯವರು 1890ರಲ್ಲಿ ಕಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ದತ್ತಿ ಉಪನ್ಯಾಸ ಎಂಬ ಪದ್ಧತಿಯಿದೆ. ತಂದೆಯ ನೆನಪಿಗೆಂದು ಮಕ್ಕಳು ಒಂದಿಷ್ಟು ಹಣ ಇಡುತ್ತಾರೆ; ಅದರ ಬಡ್ಡಿಯಲ್ಲಿ ವರ್ಷ ವರ್ಷ ಕಾರ್ಯಕ್ರಮ. ವೇದಿಕೆಯ ಮೇಲೆ ಹಾರ ಹಾಕಿದ ಭಾವಚಿತ್ರ, ಮುಂದಿನ ಸಾಲಿನಲ್ಲಿ ಮನೆಮಂದಿ. ಮಾತು ಮಾತ್ರ ವಚನದ ಬಗೆಗೋ ಜನಪದ ಹಾಡಿನ ಬಗೆಗೋ. ಹಿಂದಿನಿಂದ ನಿವೃತ್ತ ಮಾಸ್ತರರೊಬ್ಬರು ಎದ್ದು, ‘ಆ ಸಾಲು ನೀವು ಓದಿದಂತಿಲ್ಲ’ ಎಂದು ಭಾಷಣಕಾರರನ್ನು ತಡೆಯುವುದೂ ಉಂಟು. ವಂದನಾರ್ಪಣೆ ಕೆಲವೊಮ್ಮೆ ಉಪನ್ಯಾಸದಷ್ಟೇ ಉದ್ದವಾಗುತ್ತದೆ, ಅದನ್ನು ಸಹಿಸಿಕೊಳ್ಳಬೇಕು. ಪ್ರಾಯೋಜಕರ ಬಾಗಿಲು ತಟ್ಟುವ ಗೋಜಿಲ್ಲ ನೋಡು, ಅದೇ ನನಗೆ ಹಿಡಿಸಿದ್ದು.

ಇನ್ನೊಂದು, ಅಟ್ಟ. ಸುಭಾಷ ರಸ್ತೆಯಲ್ಲಿರುವ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನದ ಕಚೇರಿಗೆ ಊರಿಟ್ಟ ಹೆಸರು ಅದು. ಜಿ.ಬಿ. ಜೋಶಿಯವರು 1933ರಲ್ಲಿ ಗ್ರಂಥಮಾಲೆ ಆರಂಭಿಸಿ, ಚಂದಾದಾರರನ್ನು ನೆಚ್ಚಿಕೊಂಡು ನಡೆಸಿದರು. ಓದುಗರು ಮೊದಲೇ ದುಡ್ಡು ಕೊಟ್ಟಿರುತ್ತಿದ್ದುದರಿಂದ ಹೆಸರಿಲ್ಲದವರ ಹಸ್ತಪ್ರತಿಯನ್ನೂ ಅಚ್ಚಿಗೆ ಕಳಿಸುವ ಎದೆಗಾರಿಕೆ ಬಂದಿತು. ಆಯ್ಕೆಗೆ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರಂಥ ಕಣ್ಣು ಇತ್ತು. 1961ರಲ್ಲಿ ‘ಯಯಾತಿ’ ಹೊರಬಂದಾಗ ಗಿರೀಶ ಕಾರ್ನಾಡರಿಗೆ ಇಪ್ಪತ್ತಮೂರು ವರ್ಷ, ಅದು ಅವರ ಮೊದಲ ನಾಟಕ. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು 1965ರಲ್ಲಿ ಹೊರತಂದದ್ದೂ ಇದೇ ಅಟ್ಟ, ಅವರು ಈ ಊರಿನವರಲ್ಲ ಎಂಬುದು ಯಾರಿಗೂ ಅಡ್ಡಿಯಾಗಲಿಲ್ಲ.

ಹಾಗಾಗಿ ಗಣ್ಯರ ಪಟ್ಟಿ ಮಾಡುವುದನ್ನು ಸ್ವಲ್ಪ ದಿನ ಬಿಡು. ನಿಮ್ಮ ಗ್ರಂಥಾಲಯದ ಹಾಲ್ ಸಂಜೆ ಖಾಲಿ ಬಿದ್ದಿರುತ್ತದೆ ಎಂದು ನೀನೇ ಬರೆದಿದ್ದೀಯಲ್ಲ, ತಿಂಗಳಿಗೊಂದು ಪುಸ್ತಕದ ಚರ್ಚೆ ಅಲ್ಲಿಯೇ ಶುರುವಾಗಲಿ. ಶಾಲು, ಹಾರ, ಸ್ಮರಣಿಕೆಗೆ ಎತ್ತಿಟ್ಟ ಹಣದಲ್ಲಿ ಹೊಸಬರೊಬ್ಬರ ಪುಸ್ತಕದ ಪ್ರತಿಗಳನ್ನು ಕೊಂಡು ಕಾಲೇಜಿನ ಹುಡುಗರಿಗೆ ಹಂಚಿ, ಓದಿದವರನ್ನೇ ಮಾತಿಗೆ ಎಬ್ಬಿಸಿ. ಜನವರಿ 31ರಂದು ಬೇಂದ್ರೆಯವರ ಜನ್ಮದಿನ, ಅದಕ್ಕೆ ಎರಡು ದಿನ ಮೊದಲೇ ಬಂದುಬಿಡು. ಅವರ ಮನೆಯಿರುವ ಸಾಧನಕೇರಿಗೂ ಹೋಗೋಣ, ಸಂಘದ ಕಚೇರಿಯಲ್ಲಿ ದತ್ತಿಯ ನಿಯಮಗಳನ್ನೂ ಕೇಳಿಕೊಳ್ಳೋಣ. ಲೆಕ್ಕಪತ್ರ ಬಲ್ಲ ನಿನ್ನ ತಮ್ಮನನ್ನೂ ಕರೆದುಕೊಂಡು ಬಾ.

ನಿನ್ನ ಗೆಳೆಯ