ಸ್ಪೀಕರ್ ಕೇಳಿ ನೋಡಲು ಹೋಗುವವರಿಗೆ

ಗೆಳೆಯರೇ, ದುಬಾರಿ ಸ್ಪೀಕರ್ ತಗೊಳ್ಳುವ ಯೋಚನೆಯಲ್ಲಿರುವವರು ದಯವಿಟ್ಟು ಇದನ್ನು ಓದಿ.

ಎರಡು ಜೋಡಿ ಹೋಲಿಸುವಾಗ ಮೊದಲು ಎರಡರ ಸದ್ದೂ ಒಂದೇ ಮಟ್ಟಕ್ಕೆ ಬರಲಿ. ಇದಾಗದಿದ್ದರೆ ಉಳಿದದ್ದೆಲ್ಲ ಸುಮ್ನೆ. ಒಂದು ಜೋಡಿ 1 ಡೆಸಿಬೆಲ್ ಜೋರಾಗಿದ್ದರೂ ಸಾಕು, ಅದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಪಿಂಕ್ ನಾಯ್ಸ್ (ಮಳೆ ಸುರಿದಂತೆ ಕೇಳುವ ಪರೀಕ್ಷೆಯ ಸದ್ದು) ಹಾಕಿಸಿ, ನೀವು ಕೂರುವ ಜಾಗದಲ್ಲೇ ಫೋನಿನಲ್ಲಿ ಸದ್ದು ಅಳೆಯುವ ಮೀಟರ್ ಆ್ಯಪ್ ಹಿಡಿದು ಸರಿ ಮಾಡಿಕೊಳ್ಳಿ. ಸೆನ್ಸಿಟಿವಿಟಿ (ಇಂತಿಷ್ಟು ವಿದ್ಯುತ್ತಿಗೆ ಸ್ಪೀಕರ್ ಎಷ್ಟು ಜೋರಾಗಿ ಕೇಳುತ್ತದೆ ಅನ್ನುವ ಅಳತೆ) 3 ಡೆಸಿಬೆಲ್ ಕಡಿಮೆ ಇರುವ ಸ್ಪೀಕರಿಗೆ ಅಷ್ಟೇ ಸದ್ದಿಗೆ ಎರಡರಷ್ಟು ವ್ಯಾಟ್ ಬೇಕು. ವಾಲ್ಯೂಮ್ ಮುಟ್ಟದೆ ಸ್ಪೀಕರ್ ಬದಲಾಯಿಸಿದರೆ ಅದು ಹೋಲಿಕೆಯೇ ಅಲ್ಲ.

ಹಾಡು ನಿಮಗೆ ಬಾಯಿಪಾಠ ಆಗಿರುವುದೇ ಇರಲಿ. ವಾದ್ಯ ಕಡಿಮೆ ಇರುವ, ಒಬ್ಬರೇ ಹಾಡಿರುವುದು ಒಳ್ಳೆಯದು. ‘ಸ’, ‘ಶ’ ಬಂದಾಗ ಕಿವಿಗೆ ಚುಚ್ಚುತ್ತದಾ? ಸಾಲಿನ ನಡುವೆ ಉಸಿರೆಳೆಯುವುದು ಕೇಳುತ್ತದಾ? ದನಿ ಎರಡು ಸ್ಪೀಕರುಗಳ ಮಧ್ಯೆ ಗಟ್ಟಿಯಾಗಿ ನಿಲ್ಲುತ್ತದಾ? ಆತುರ ಬೇಡ. ಮೊದಲ ಐದು ನಿಮಿಷ ಮಿಂಚುವ ಟ್ರೆಬಲ್ (ಕೀರಲು, ತೀಕ್ಷ್ಣ ಸದ್ದು) ಒಂದು ಗಂಟೆ ಕೇಳಿದರೆ ತಲೆನೋವು ತರಬಹುದು.

ಬಾಸ್ (ತಗ್ಗಿನ, ಗುಡುಗಿನಂಥ ಸದ್ದು) ಮಾತ್ರ ಶೋರೂಮಿನಲ್ಲಿ ತೀರ್ಮಾನ ಮಾಡಬೇಡಿ. ಅದರಲ್ಲಿ ಅರ್ಧ ಕೋಣೆಯದ್ದೇ ಕೆಲಸ ಅಲ್ವಾ. ಗೋಡೆಗೆ ಹತ್ತಿರವಾದಷ್ಟೂ ಉಬ್ಬುತ್ತದೆ, ಮೂಲೆಯಲ್ಲಿ ಇನ್ನೂ ಜಾಸ್ತಿ. ಮನೆಗೆ ತಂದು ಕೇಳಲು ಬಿಡುತ್ತಾರಾ ಅಂತ ಮೊದಲೇ ವಿಚಾರಿಸಿ. ಬಿಡದಿದ್ದರೆ ನಾನಂತೂ ತಗೊಳ್ಳುವುದಿಲ್ಲ.

ಇಲ್ಲಿ ಸಲಹೆ ಕೇಳುವವರು ಕೋಣೆಯ ಅಳತೆ, ಆಂಪ್ಲಿಫೈಯರ್ ಯಾವುದು, ಎಷ್ಟು ದೂರದಲ್ಲಿ ಕೂರುತ್ತೀರಿ, ಇಷ್ಟನ್ನು ಜೊತೆಗೇ ಬರೆಯಿರಿ. ಕೇಬಲ್ ಚರ್ಚೆ ಆಮೇಲೆ.