ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ

ಕೋಲಾರ

ಚಿ. ಸೌ. ಶುಭಾಳಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ನಿನ್ನ ಇಮೇಲನ್ನು ಹರೀಶ ಪ್ರಿಂಟ್ ಹಾಕಿಸಿ ತಂದುಕೊಟ್ಟ, ಜೊತೆಗೆ ಪೆಸಿಫಿಕ್ ಸಾಗರದ ಗಲಪಗೋಸ್ ದ್ವೀಪಗಳನ್ನು ಸುತ್ತೋಕೆ ನೀವು ನೋಡಿಟ್ಟಿರೋ ಆ ಎರಡು ಹಡಗುಗಳ ಕಾಗದಗಳನ್ನೂ. ನಿನ್ನ ಕಾಲಿನ ಆಪರೇಷನ್ ವಿಷಯ, ಡಾಕ್ಟರು ಅಂದದ್ದು, ಎಲ್ಲವನ್ನೂ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಾಳೆ. ಅದನ್ನು ಮತ್ತೆ ಕೆದಕೋದಿಲ್ಲ. ಖರ್ಚಿನ ವಿಷಯ ಗಂಡ ಹೆಂಡತಿ ನಿಮಗೆ ಬಿಟ್ಟದ್ದು. ನನ್ನ ನಿದ್ದೆ ಕೆಡಿಸಿದ್ದು ಕೊನೆಯಲ್ಲಿ ನೀನು ಬರೆದ ನಾಲ್ಕು ಸಾಲು: “ದೋಣಿ ಹತ್ತೋಕೆ ಇಳಿಯೋಕೆ ನಾನು ಐದು ನಿಮಿಷ ತಗೊಂಡ್ರೆ ಹಿಂದೆ ನಿಂತವರು ಏನಂದ್ಕೋತಾರೆ ದೊಡ್ಡಮ್ಮ? ನನ್ನಿಂದ ಎಲ್ಲರಿಗೂ ತಡ. ಅದಕ್ಕೇ ಈಗಲೇ ತೀರ್ಮಾನ ಮಾಡಿದೀನಿ. ಅವರೆಲ್ಲ ದ್ವೀಪ ನೋಡಿ ಬರಲಿ, ನಾನು ಹಡಗಲ್ಲೇ ಇರ್ತೀನಿ.”

ಗಲಪಗೋಸ್‌ವರೆಗೂ ಹೋಗಿ ಹಡಗಲ್ಲೇ ಇರ್ತೀಯಾ?

ನಾನು ಡಾರ್ವಿನ್ ಪಾಠ ಮಾಡಿಕೊಂಡೇ ಸರ್ವೀಸು ಮುಗಿಸಿದವಳು. ಫಿಂಚ್ ಹಕ್ಕಿಗಳ ಕೊಕ್ಕುಗಳನ್ನು ಬೋರ್ಡಿನ ಮೇಲೆ ಬರೆದೂ ಬರೆದೂ ಈಗಲೂ ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಆ ಮಹಾನುಭಾವನೇನೂ ಹಡಗಿನಲ್ಲಿ ಸುಖವಾಗಿದ್ದವನಲ್ಲ. ಅವನಿದ್ದ ಬೀಗಲ್ ಹಡಗು ಹೊರಟದ್ದು 1831ರ ಡಿಸೆಂಬರಿನಲ್ಲಿ, ವಾಪಸ್ಸು ಬಂದದ್ದು 1836ರ ಅಕ್ಟೋಬರಿನಲ್ಲಿ. ಅಷ್ಟೂ ವರ್ಷ ಹಡಗು ಅಲುಗಾಡಿದಾಗಲೆಲ್ಲ ಅವನಿಗೆ ಹೊಟ್ಟೆ ತೊಳಸೋದು ತಪ್ಪಲಿಲ್ಲ. ಆ ಯಾನದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಅವನು ನೆಲದ ಮೇಲೇ ಕಳೆದ. ಗಲಪಗೋಸ್‌ನಲ್ಲಿ ಬೀಗಲ್ ಇದ್ದದ್ದು 1835ರ ಸೆಪ್ಟೆಂಬರ್, ಅಕ್ಟೋಬರಿನ ಐದು ವಾರ. ಅಷ್ಟೊಂದು ದ್ವೀಪಗಳಲ್ಲಿ ಅವನು ಇಳಿದದ್ದು ನಾಲ್ಕರಲ್ಲಿ ಮಾತ್ರ. ನೀನು ಎರಡರಲ್ಲಿ ಇಳಿದರೂ ನನಗೆ ಸಂತೋಷವೇ. ಒಂದರಲ್ಲೂ ಇಳಿಯೋದಿಲ್ಲ ಅಂತ ಮನೆಯಲ್ಲೇ ಕೂತು ತೀರ್ಮಾನ ಮಾಡಿಬಿಟ್ಟಿದ್ದೀಯಲ್ಲ, ಅದು ನನಗೆ ಸೇರಲಿಲ್ಲ.

ಸಮುದ್ರ ಅಂತ ನಾನು ಕಂಡದ್ದು ಮದ್ರಾಸಿನ ಮರೀನಾ ಒಂದೇ. ನಾನು ಹಡಗಿನ ಬಗ್ಗೆ ಬುದ್ಧಿ ಹೇಳೋದು ನಗೆಪಾಟಲೇ ಸರಿ. ಆದರೂ ನೀನು ಕಳಿಸಿದ ಕಾಗದಗಳನ್ನು ಉತ್ತರಪತ್ರಿಕೆ ತಿದ್ದೋ ಹಾಗೆ ಕೂತು ಓದಿದ್ದೇನೆ. ಒಂದು ಹದಿನಾರು ಜನರದು, ಇನ್ನೊಂದು ನೂರು ಜನರದು. ಅಲ್ಲಿ ನೂರಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗು ದ್ವೀಪ ಸುತ್ತಿಸೋ ಹಾಗಿಲ್ಲ, ಹಾಗಾಗಿ ಆ ದೊಡ್ಡದೂ ಸಣ್ಣದೇ. ನಿನ್ನ ಮನಸ್ಸು ಹದಿನಾರರ ಕಡೆಗಿದೆ. ಜನ ಕಡಿಮೆ ಇದ್ದರೆ ನೋಡೋ ಕಣ್ಣೂ ಕಡಿಮೆ ಅಂತ ತಾನೇ?

ನನಗೆ ಈ ಲೆಕ್ಕ ತಲೆಕೆಳಗಾಗಿ ಕಾಣುತ್ತೆ. ಅಲ್ಲಿನ ನ್ಯಾಷನಲ್ ಪಾರ್ಕಿನ ನಿಯಮದಂತೆ ಒಬ್ಬ ಗೈಡಿಗೆ ಹೆಚ್ಚೆಂದರೆ ಹದಿನಾರು ಜನ. ಗೈಡನ್ನು ಬಿಟ್ಟು ಯಾರೂ ತಮ್ಮ ಪಾಡಿಗೆ ತಾವು ಓಡಾಡೋ ಹಾಗಿಲ್ಲ. ಅಂದಮೇಲೆ ಹದಿನಾರು ಜನರ ಹಡಗಿನಲ್ಲಿ ಸಾಮಾನ್ಯವಾಗಿ ಒಬ್ಬನೇ ಗೈಡು, ಒಂದೇ ಗುಂಪು. ಅವರು ನಡೆದಷ್ಟು ನೀನೂ ನಡೆಯಬೇಕು, ಆಗಲ್ಲ ಅಂದರೆ ಹಡಗಲ್ಲಿ ಕೂರಬೇಕು. ನಿನ್ನ ಭಯ ನಿಜವಾಗೋದೇ ಅಲ್ಲಿ. ನೂರು ಜನರ ಹಡಗಿಗೆ ಗೈಡುಗಳು ಏಳು ಮಂದಿಯಾದರೂ ಬೇಕು. ಅವರಲ್ಲಿ ಒಬ್ಬರ ಕೈಗೆ ನಿಧಾನದವರನ್ನೆಲ್ಲ ಒಪ್ಪಿಸಬಹುದು. ನಿಧಾನದವಳು ನೀನೊಬ್ಬಳೇ ಇರ್ತೀಯ ಅಂತಲೂ ತಿಳೀಬೇಡ. ಅಷ್ಟು ದುಡ್ಡು ಕೂಡಿಟ್ಟು ಅಲ್ಲಿಗೆ ಬರೋ ಹೊತ್ತಿಗೆ ಎಷ್ಟೋ ಜನರ ಮಂಡಿ ಸವೆದಿರುತ್ತೆ! ಸಣ್ಣದರ ಪರವಾಗಿ ಒಂದು ಮಾತು ಹೇಳಬೇಕು, ಅದು ಎರಡು ಒಡಲಿನ ಕ್ಯಾಟಮರಾನ್, ಹೊಯ್ದಾಟ ಕಡಿಮೆ. ಅಳಿಯಂದಿರಿಗೂ ಅದೇ ಇಷ್ಟವಾದರೆ ನಾನು ಅಡ್ಡ ಬರೋದಿಲ್ಲ.

ದೋಣಿ ಹತ್ತೋದು ಅಂದೆಯಲ್ಲ, ಅದನ್ನು ಹರೀಶನ ಮೊಬೈಲಿನಲ್ಲಿ ಎರಡೆರಡು ಸಲ ಹಾಕಿಸಿಕೊಂಡು ನೋಡಿದೆ. ಪಾಂಗಾ ಅಂತಾರೆ, ಗಾಳಿ ತುಂಬಿದ ರಬ್ಬರ್ ದೋಣಿ. ಅದು ಹಡಗಿನ ಹಿಂಬದಿಗೆ ಬಂದು ನಿಲ್ಲುತ್ತೆ. ನಿಲ್ಲುತ್ತೆ ಅಂತ ಬರೆದೆ, ಒಂದು ಕ್ಷಣವೂ ನಿಲ್ಲೋದಿಲ್ಲ, ಏರಿಳೀತಾನೇ ಇರುತ್ತೆ. ದೋಣಿಯವನು ಅಂಗೈ ಹಿಡಿಯೋದಿಲ್ಲ. ನಿನ್ನ ಮುಂಗೈಯನ್ನು ಅವನು ಹಿಡೀತಾನೆ, ಅವನ ಮುಂಗೈಯನ್ನು ನೀನು ಹಿಡೀಬೇಕು. ಒದ್ದೆ ಕೈ ಜಾರಿದರೂ ಮಣಿಕಟ್ಟಿನ ಹತ್ತಿರ ಸಿಕ್ಕಿಕೊಳ್ಳುತ್ತೆ. ಅಲೆ ದೋಣಿಯನ್ನು ಎತ್ತಿ ತಂದಾಗ ಅವನು ಹೇಳ್ತಾನೆ, ಆಗ ಕಾಲಿಡೋದು. ಇಟ್ಟ ತಕ್ಷಣ ಆ ಉಬ್ಬಿದ ಅಂಚಿನ ಮೇಲೆ ಕೂತು, ಕೂತಲ್ಲೇ ಜರುಗಿಕೊಂಡು ಹೋಗೋದು. ಇನ್ನೊಂದು ಗಮನಿಸಿದೆ. ಗಟ್ಟಿಮುಟ್ಟಾದ ಹುಡುಗರೂ ಒಬ್ಬೊಬ್ಬರೇ ಹತ್ತಬೇಕು. ಅಲೆ ಬರೋ ತನಕ ಎಲ್ಲರೂ ಬಾಯಿ ಮುಚ್ಚಿಕೊಂಡು ಕಾಯಲೇಬೇಕು. ಅಲ್ಲಿ ತಡ ಮಾಡೋದು ಸಮುದ್ರ ಕಣೇ, ನೀನಲ್ಲ.

ಅಲ್ಲಿ ಹಡಗು ಕಟ್ಟೆಗೆ ತಾಗಿ ನಿಲ್ಲೋದಿಲ್ಲವಂತೆ. ಬಾಲ್ಟ್ರಾದಲ್ಲಿ ವಿಮಾನ ಇಳಿದ ಮೇಲೆ ಹಡಗಿಗೆ ಹೋಗೋದೂ ಇದೇ ದೋಣಿಯಲ್ಲೇ. ಮೊದಲ ದಿನವೇ ಈ ಪರೀಕ್ಷೆ ಮುಗಿಯುತ್ತೆ, ಒಂದು ಲೆಕ್ಕಕ್ಕೆ ಒಳ್ಳೆಯದೇ.

ಹಿಂದೆ ನಿಂತವರು ಏನಂದ್ಕೋತಾರೆ ಅನ್ನೋದು ನನಗೆ ಗೊತ್ತಿಲ್ಲದ್ದಲ್ಲ. ವೇಮಗಲ್ ಬಸ್ಸಿಗೆ ಬೆಳಿಗ್ಗೆ ನಾನು ಹತ್ತೋವಾಗ ಬಲಗಾಲು ಮೊದಲು ಮೇಲಿಟ್ಟು, ಎರಡೂ ಕೈಯಲ್ಲಿ ಕಂಬಿ ಹಿಡಿದು, ಎಡಗಾಲನ್ನು ಎಳೆದುಕೊಳ್ಳಬೇಕಿತ್ತು. ಬೆನ್ನ ಹಿಂದೆ ಟೊಮೆಟೊ ಮಾರ್ಕೆಟ್ಟಿಗೆ ಬಂದು ಊರಿಗೆ ಹಿಂದಿರುಗೋ ಜನ, ಕಾಲೇಜು ಹುಡುಗರು. “ಬೇಗ ಹತ್ತಮ್ಮ” ಅನ್ನೋರು ಕೆಲವರು. ಅನ್ನದೆ ಉಸಿರು ಬಿಡೋರು ಹಲವರು. ಆ ಉಸಿರೇ ಜಾಸ್ತಿ ಚುಚ್ಚೋದು. ಒಬ್ಬ ಕಂಡಕ್ಟರ್ ಇದ್ದ. ನಾನು ಸೀಟಿನಲ್ಲಿ ಕೂತದ್ದು ಕಣ್ಣಾರೆ ಕಂಡ ಮೇಲೇ ಸೀಟಿ ಊದುತ್ತಿದ್ದ. ಯಾರಾದರೂ ಗೊಣಗಿದರೆ, “ನಿಂತ್ಕೊಳ್ರೀ ಸ್ವಾಮಿ, ಏನು ಗಂಟು ಹೋಗುತ್ತೆ” ಅನ್ನೋನು. ಅವನ ಡ್ಯೂಟಿ ಇದ್ದ ದಿನ ಬಸ್ಸೇನೂ ತಡವಾಗಿ ಹೋಗುತ್ತಿರಲಿಲ್ಲ. ಹಡಗಿನಲ್ಲೂ ಅಂಥವನೊಬ್ಬ ಇರ್ತಾನೆ, ಮೊದಲ ದಿನವೇ ಯಾರು ಅಂತ ಕಂಡುಕೋ. ಅವನ ಹೆಸರು ಕೇಳಿಟ್ಟುಕೋ.

ಶಾಲೆಯಿಂದ ಅಂತರಗಂಗೆಗೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಕೆಳಗೆ ಬುತ್ತಿ ಕಾಯೋಳು ನಾನೇ. ಮಕ್ಕಳು ಬಸವನ ಬಾಯಿಂದ ಬೀಳೋ ನೀರನ್ನು ಬಾಟಲಿಯಲ್ಲಿ ಹಿಡಿದು ತಂದುಕೊಡೋರು. ನಾನು ಕೋತಿಗಳಿಂದ ಚಿತ್ರಾನ್ನ ಕಾಪಾಡಿಕೊಂಡು ಕೂತಿರ್ತಿದ್ದೆ. ಅದಕ್ಕೆ ನನಗೆ ಅಂಥಾ ದುಃಖವಿಲ್ಲ, ಅದು ಕೆಲಸ. ಇನ್ನೊಂದಿದೆ, ಅದನ್ನು ನಿಮ್ಮಮ್ಮನಿಗೂ ಹೇಳಿಲ್ಲ.

1993ರ ಮಹಾಮಸ್ತಕಾಭಿಷೇಕ ಮುಗಿದು ಜನ ಕರಗಿದ ಮೇಲೆ ನಾನೂ ನಿಮ್ಮ ದೊಡ್ಡಪ್ಪನೂ ಶ್ರವಣಬೆಳಗೊಳಕ್ಕೆ ಹೋಗಿದ್ದೆವು. ಗೊಮ್ಮಟನ ಪಾದದ ಪಕ್ಕದ ಶಾಸನವನ್ನು ಕಲ್ಲಿನಲ್ಲೇ ಓದಬೇಕು ಅನ್ನೋದು ಅವರಿಗೆ ಮದುವೆಗೆ ಮುಂಚಿನಿಂದಲೂ ಇದ್ದ ಆಸೆ, ಕನ್ನಡ ಮೇಷ್ಟ್ರಲ್ಲವೇ. ಬೆಟ್ಟದ ಬುಡದಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹತ್ತಬೇಕು. ಬಂಡೆಯಲ್ಲೇ ಕಡಿದ ಮೆಟ್ಟಿಲು. ಡೋಲಿಯವರು ಬಂದು ಎರಡು ಸಲ ಕೇಳಿದರು, “ಕೂತ್ಕೊಳ್ಳಿ ಅಮ್ಮಾವ್ರೆ, ಹುಷಾರಾಗಿ ಕರ್ಕೊಂಡ್ಹೋಗ್ತೀವಿ.” ನಾಲ್ಕು ಜನರ ಹೆಗಲ ಮೇಲೆ ಕೂತು ಊರ ಜನರ ಮುಂದೆ ಹೋಗೋದಾ, ನನಗೇನು ವಯಸ್ಸಾಗಿದೆಯಾ ಅಂತ ನಾಚಿಕೆ. ನನಗೋಸ್ಕರ ಇವರು ಮೆಟ್ಟಿಲು ಮೆಟ್ಟಿಲಿಗೂ ನಿಲ್ಲಬೇಕಲ್ಲ ಅಂತಲೂ ಅಳುಕು. ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ ಅಂದೆ. ಕಲ್ಯಾಣಿಯ ಹತ್ತಿರ ನೆರಳು ನೋಡಿ ಕೂತೆ.

ಇವರು ಹೋದ ಹಾಗೆ ಮಾಡಿ ಬಂದುಬಿಟ್ಟರು. ಬೆವರು ಆರಿರಲಿಲ್ಲ. ಇಷ್ಟು ಬೇಗನಾ ಅಂದೆ. “ನೀನೊಬ್ಬಳೇ ಕೂತಿದ್ದೀಯಲ್ಲ” ಅಂದರು. ಶಾಸನ ಓದಿದಿರಾ ಅಂದರೆ, “ನೋಡಿದೆ, ಜನ ಇದ್ದರು, ಇನ್ನೊಂದು ಸಲ ಬಂದಾಗ ನಿಧಾನಕ್ಕೆ ಓದೋಣ” ಅಂದರು. ಇನ್ನೊಂದು ಸಲ ಹೋಗೋದಕ್ಕೆ ಅವರಿಗೆ ಆಗಲೇ ಇಲ್ಲ.

ತಡವಾಗಬಾರದು ಅಂತ ನಾನು ಕೆಳಗುಳಿದೆ. ನಾನು ಕೆಳಗಿದ್ದೇನೆ ಅಂತ ಅವರು ಅರ್ಧ ನೋಡಿ ಇಳಿದರು. ಡೋಲಿಯಲ್ಲಿ ಕೂತಿದ್ದರೆ ಮೇಲೆ ಇಬ್ಬರೂ ಎಷ್ಟು ಹೊತ್ತು ಬೇಕಾದರೂ ಇರಬಹುದಿತ್ತು. ನೀನು ಹಡಗಿನಲ್ಲಿ ಉಳಿದರೆ ಅಳಿಯಂದಿರೂ ಮಕ್ಕಳೂ ದ್ವೀಪದ ಮೇಲೆ ನೆಮ್ಮದಿಯಾಗಿ ಓಡಾಡ್ತಾರೆ ಅಂತ ಹೇಗೆ ಅಂದ್ಕೊಂಡೆ? ಆ ಚಿಕ್ಕವಳಂತೂ ನೀನಿಲ್ಲದೆ ಐಸ್‌ಕ್ರೀಮ್ ಅಂಗಡಿಗೂ ಹೋಗದವಳು.

ಹಾಗಂತ ಎಲ್ಲ ಕಡೆಯೂ ಇಳಿ ಅಂತ ಹೇಳೋದಿಲ್ಲ. ಬಾರ್ತೊಲೊಮೆ ದ್ವೀಪದ ತುದಿಗೆ ಮುನ್ನೂರಕ್ಕೂ ಹೆಚ್ಚು ಮರದ ಮೆಟ್ಟಿಲು, ಅದು ನಿನಗೆ ಬೇಡ, ಅದರ ಹೆಸರೂ ಎತ್ತಬೇಡ. ಹೆನೊವೇಸಾ ಅನ್ನೋ ಒಂದೇ ದ್ವೀಪಕ್ಕೆ ಇಳಿಯೋ ಜಾಗ ಎರಡು. ಒಂದು ಕಡೆ ಬಂಡೆಯಲ್ಲಿ ಕಡಿದಾದ ಮೆಟ್ಟಿಲು. ಇನ್ನೊಂದು ಕಡೆ ಡಾರ್ವಿನ್ ಬೇ, ಅಲ್ಲಿ ಮರಳು. ಆದರೆ ಮರಳು ಅಂದ ತಕ್ಷಣ ಸುಲಭ ಅಂದ್ಕೋಬೇಡ, ನಾನೂ ಮೊದಲು ಹಾಗೇ ಅಂದ್ಕೊಂಡಿದ್ದೆ. ಮರಳಿನ ಕಡೆ ದೋಣಿಯ ಅಂಚಿನ ಮೇಲೆ ಕೂತು, ಕಾಲು ಆಚೆ ಹಾಕಿ, ಮೊಣಕಾಲುದ್ದದ ನೀರಿಗೆ ಜಾರಬೇಕು. ಅದು ‘ವೆಟ್ ಲ್ಯಾಂಡಿಂಗ್’. ಕಟ್ಟೆಗೋ ಬಂಡೆಗೋ ನೇರ ಕಾಲಿಡೋದು ‘ಡ್ರೈ’. ಡ್ರೈ ಅಂತ ಬರೆದಿದ್ದರೂ ಬಂಡೆ ಪಾಚಿ ಕಟ್ಟಿ ಜಾರುತ್ತಿರಬಹುದು. ಪ್ರತಿದಿನದ್ದೂ ಯಾವುದು ಅಂತ ಹಿಂದಿನ ರಾತ್ರಿಯೇ ಗೈಡನ್ನು ಕೇಳು. ಇಳಿಯದೆ ದೋಣಿಯಲ್ಲೇ ಕೂತು ನೋಡೋ ಜಾಗಗಳೂ ಇವೆ. ಸಾಂತಾ ಕ್ರೂಸ್‌ನ ಬ್ಲ್ಯಾಕ್ ಟರ್ಟಲ್ ಕೋವ್, ಇಸಬೆಲಾದ ಎಲಿಜಬೆತ್ ಬೇ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಕಡಲಾಮೆ, ತೊರಕೆ ಮೀನು ಕಾಣುತ್ತವಂತೆ. ಅಲ್ಲಿ ಯಾರೂ ನಡೆಯೋ ಹಾಗೇ ಇಲ್ಲ, ಎಲ್ಲರೂ ನಿನ್ನ ಸಮವೇ.

ಫ್ಲೋರಿಯಾನಾ ಅನ್ನೋ ದ್ವೀಪದಲ್ಲಿ ಹಳೇ ಕಾಲದ ತಿಮಿಂಗಿಲ ಬೇಟೆಗಾರರು ಶುರು ಮಾಡಿದ ಅಂಚೆ ಪೀಪಾಯಿ ಇನ್ನೂ ಇದೆ. ಸ್ಟಾಂಪಿಲ್ಲದೆ ಕಾಗದ ಹಾಕಿ ಬರೋದು, ವಿಳಾಸದ ಊರಿನ ಕಡೆಯವರು ಯಾರಾದರೂ ಬಂದರೆ ತಗೊಂಡು ಹೋಗಿ ಕೈಯಾರೆ ತಲುಪಿಸೋದು. ನನಗೊಂದು ಹಾಕು ಅಂತ ಬರೆಯೋಣ ಅನ್ನಿಸಿತು. ಕೋಲಾರದ ಕಡೆಯವರು ಅಲ್ಲಿಗೆ ಯಾವ ಕಾಲಕ್ಕೆ ಹೋಗ್ತಾರೋ, ಬೇಡ ಬಿಡು.

ಆಮೆಯ ಮಾತು ಎತ್ತೋದಿಲ್ಲ, ನೀನೇ ನಗ್ತೀಯ. ನೀಲಿ ಕಾಲಿನ ಬೂಬಿ ಹಕ್ಕಿ ಕಂಡರೆ ಮಾತ್ರ ನೋಡಿಕೊಂಡು ಬಾ. ಹೆಣ್ಣಿನ ಮುಂದೆ ಗಂಡು ಒಂದೊಂದೇ ಕಾಲನ್ನು ಎತ್ತಿ ಎತ್ತಿ, ತೋರಿಸಿ ತೋರಿಸಿ ಇಡುತ್ತೆ. ಎಷ್ಟು ಜಂಬ ಅಂತೀಯ ಆ ಕಾಲಿನ ಮೇಲೆ.

ಇನ್ನೂ ಏನೋ ಬರೀಬೇಕಿತ್ತು. ಹಾಂ, ಮಕ್ಕಳ ರಜ ಅಂತ ಆಗಸ್ಟ್ ಅಂದಿದ್ದೀಯ. ಜೂನಿಂದ ನವೆಂಬರ್‌ವರೆಗೆ ಅಲ್ಲಿ ತಣ್ಣನೆಯ ಹಂಬೋಲ್ಟ್ ಪ್ರವಾಹದ ಜೋರು, ಸಮುದ್ರದ ಹೊಯ್ದಾಟ ಹೆಚ್ಚು. ಡಿಸೆಂಬರಿಂದ ಮೇವರೆಗೆ ನೀರು ಬೆಚ್ಚಗೆ, ಅಲೆ ಕಡಿಮೆ. ನಡುವೆ ಮಳೆ ಬಂದರೂ ದೋಣಿ ಹತ್ತೋಕೆ ಅದೇ ವಾಸಿ. ಕ್ರಿಸ್‌ಮಸ್ ರಜಕ್ಕೆ ಆಗುತ್ತಾ ನೋಡಿ. ಟಿಕೆಟ್ ದುಬಾರಿ ಅಂತೀರೇನೋ.

ದೊಡ್ಡ ಹಡಗಿನ ಕಾಗದದಲ್ಲಿ ಲಿಫ್ಟ್ ಇದೆ ಅಂತ ಬರೆದಿದ್ದಾರೆ, ಅದು ದೋಣಿ ಹತ್ತೋ ತಳದ ಅಂತಸ್ತಿನವರೆಗೂ ಹೋಗುತ್ತಾ ಅಂತ ಬರೆದಿಲ್ಲ. ನಿನ್ನ ರೂಮಿನಿಂದ ಅಲ್ಲಿಗೆ ಮೆಟ್ಟಿಲೆಷ್ಟು, ಕಂಬಿ ಎರಡೂ ಕಡೆ ಇದೆಯಾ, ಕೇಳು. ಹಡಗಿನ ಬಚ್ಚಲಿನ ಬಾಗಿಲಿಗೆ ನೀರು ಆಚೆ ಬರದಿರಲಿ ಅಂತ ಎತ್ತರದ ಹೊಸ್ತಿಲು ಇರುತ್ತೆ, ರಾತ್ರಿ ಎಡವುತ್ತೀಯ. ಫೋಟೋ ಕಳಿಸಿ ಅನ್ನು. ಉತ್ತರವನ್ನು ಫೋನಿನಲ್ಲಿ ಅಲ್ಲ, ಬರವಣಿಗೆಯಲ್ಲೇ ತಗೋ. ಕಾಲಿನ ವಿಷಯ ಮುಚ್ಚಿಡದೆ ಬರಿ. ಕೋಲನ್ನು ದೋಣಿಯವನ ಕೈಗೆ ಮೊದಲು ಕೊಟ್ಟುಬಿಡು, ಹತ್ತೋವಾಗ ಎರಡೂ ಕೈ ಖಾಲಿ ಇರಲಿ. ನಿನಗೆ ಇದೆಲ್ಲ ಗೊತ್ತಿರೋದೇ ಇರಬಹುದು, ಮುದುಕಿಯ ಬಾಯಿ ಸುಮ್ಮನಿರೋದಿಲ್ಲ.

ಹೋಗಿ ನಿಂತ ಮೇಲೆ, ಆ ದಿನ ಅಲೆ ಜೋರಿದ್ದು ನಿನಗೇ ಬೇಡ ಅನ್ನಿಸಿದರೆ ಹಡಗಲ್ಲೇ ಇರು, ನಾನು ಒಂದು ಮಾತೂ ಆಡೋದಿಲ್ಲ. ಹಿಂದಿನವರು ಉಸಿರು ಬಿಟ್ಟರು ಅಂತ ಮಾತ್ರ ಉಳಿಯಬೇಡ.

ಹಡಗಿನವರ ಉತ್ತರ ಬಂದ ಮೇಲೆ ತಿಳಿಸು. ಹರೀಶ ಭಾನುವಾರಕ್ಕೊಮ್ಮೆ ಬರ್ತಾನೆ, ಅಕ್ಷರ ಸ್ವಲ್ಪ ದಪ್ಪವಾಗಿ ಪ್ರಿಂಟ್ ಹಾಕಿಸಬೇಕು ಅಂತ ಹೇಳಿಟ್ಟಿದ್ದೇನೆ. ಅಳಿಯಂದಿರಿಗೆ ಆಶೀರ್ವಾದ, ಮಕ್ಕಳಿಗೆ ಮುತ್ತು.

ಇಂತಿ,
ನಿನ್ನ ದೊಡ್ಡಮ್ಮ